ಗಿರಿಜಕ್ಕನ ದನಿಯೂ ಐವತ್ತು ಪಟ್ಟು ಜೂಮೂ

ನಮ್ಮ ಮನೆಯ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಇದೆ. ಆ ಕವರು ಜಾರದಿರಲಿ ಎಂದು ಅದಕ್ಕೊಂದು ರಬ್ಬರ್ ಬ್ಯಾಂಡ್ ಇದೆ. ಮಿಕ್ಸಿಗೆ ಕುಲಾವಿ, ಫ್ರಿಜ್ಜಿನ ಹಿಡಿಗೆ ಹೂವಿನ ಬಟ್ಟೆ, ಸೋಫಾದ ಮೇಲೆ ಹಳೆಯ ಬೆಡ್‌ಶೀಟು. ಸೋಫಾದ ನಿಜವಾದ ಬಣ್ಣ ಯಾವುದೆಂದು ನನಗೂ ನನ್ನ ಹೆಂಡತಿ ಸುಮಿತ್ರಳಿಗೂ ಹಬ್ಬದ ದಿನ ಬಿಟ್ಟರೆ ನೆನಪಿರುವುದಿಲ್ಲ. ನೀವು ನಗಬೇಡಿ. ನಿಮ್ಮ ಮನೆಯಲ್ಲೂ ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ಕೀಳದ ಕಾರೋ, ಡಬ್ಬಿಯಿಂದ ಹೊರಬಾರದ ಡಿನ್ನರ್ ಸೆಟ್ಟೋ ಇದ್ದೇ ಇರುತ್ತದೆ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಒಂದು ಕ್ಯಾಮೆರಾವನ್ನು ಬಾಯಿಗೆ ಬಂದಂತೆ ಬೈಯಲಿದ್ದೇನೆ. ಅದರಲ್ಲಿ ನನ್ನ ಪಾಲು ಎಷ್ಟೆಂಬುದು ನಿಮಗೆ ಗೊತ್ತಿರಲಿ.

ಹತ್ತು ಹನ್ನೆರಡು ವರ್ಷದ ಹಿಂದೆ, ಫೋನುಗಳು ಇನ್ನೂ ಮನುಷ್ಯರನ್ನು ಮಸುಕು ಮಸುಕಾಗಿ ಹಿಡಿಯುತ್ತಿದ್ದ ಕಾಲದಲ್ಲಿ, ವಿಜಯನಗರದ ಅಂಗಡಿಯೊಂದರಿಂದ ಹೈ ಡೆಫಿನಿಷನ್ ವಿಡಿಯೋ ಕ್ಯಾಮೆರಾ ತಂದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಅದರ ಪಕ್ಕಕ್ಕೆ ಅಂಟಿಸಿದ್ದ ಸ್ಟಿಕ್ಕರು ಮಾತ್ರ ದೊಡ್ಡದು. ಫುಲ್ ಎಚ್‌ಡಿ, ಐವತ್ತು ಪಟ್ಟು ಜೂಮ್, ಡಿಜಿಟಲ್ ಆದರೆ ಎರಡು ಸಾವಿರ ಪಟ್ಟು, ಮುಖ ಗುರುತು, ನಗು ಗುರುತು, ನಡುಕ ನಿವಾರಣೆ, ಗಾಳಿ ಸದ್ದು ನಿವಾರಣೆ. ಈ ಸ್ಟಿಕ್ಕರನ್ನು ನಾನು ಕೀಳಲಿಲ್ಲ. ಕಿತ್ತರೆ ಅದು ಬರೀ ಒಂದು ಕಪ್ಪು ಡಬ್ಬಿ. ಪುಟ್ಟ ಪರದೆಯ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನಂತೂ ಮುಟ್ಟುವ ಮಾತೇ ಇರಲಿಲ್ಲ, ಗೀರು ಬಿದ್ದರೆ ಗತಿಯೇನು?

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಲೈಬ್ರೇರಿಯನ್ ಆಗಿದ್ದವನು. ಕೈಪಿಡಿ ಎಂಬ ಸಾಹಿತ್ಯಪ್ರಕಾರವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಪರೂಪದ ಜಾತಿಗೆ ಸೇರಿದವನು. ಓದಿದೆ. ಓದಿದಷ್ಟೂ ಆ ಯಂತ್ರ ಮಾಡಿದವರಿಗೆ ನಮ್ಮ ಪರಿಚಯವೇ ಇಲ್ಲವೆಂಬುದು ಖಚಿತವಾಯಿತು. ಜೂಮನ್ನೇ ತೆಗೆದುಕೊಳ್ಳಿ. ವಿಜಯನಗರದಲ್ಲಿ ಎದುರುಮನೆ ಇರುವುದು ನಮ್ಮ ಬಾಗಿಲಿನಿಂದ ಹದಿನೈದು ಅಡಿ ಆಚೆ. ಅವರ ಮನೆಯ ಸಾರಿಗೆ ಇಂಗು ಬಿತ್ತೋ ಇಲ್ಲವೋ ಎಂಬುದು ಜೂಮ್ ಇಲ್ಲದೆಯೂ ನಮಗೆ ತಿಳಿಯುತ್ತದೆ. ಐವತ್ತು ಪಟ್ಟು ಹತ್ತಿರ ಹೋದರೆ ನಾನು ಸಾರಿನೊಳಗೇ ಇರುತ್ತೇನೆ. ಹಾಗಾದರೆ ಎರಡು ಸಾವಿರ ಪಟ್ಟು ಯಾರಿಗೆ? ಮಹಡಿಗೆ ಹತ್ತಿ ಪ್ರಯೋಗ ಮಾಡಿದೆ. ಪರದೆಯ ತುಂಬ ಬೂದು ಬಣ್ಣದ ಚೌಕಗಳು ಬಂದವು. ಅದು ಮೊಬೈಲ್ ಟವರಿನ ಮೇಲೆ ಕೂತ ಕಾಗೆಯೋ, ಜ್ಞಾನಭಾರತಿ ಕಡೆಯ ಮೋಡವೋ, ಇವತ್ತಿಗೂ ಗೊತ್ತಿಲ್ಲ.

ಮುಖ ಗುರುತಿಸುವ ಮಹಿಮೆಯೂ ಅಷ್ಟೇ. ಮುಖ ಕಂಡ ಕಡೆ ಬಿಳಿ ಚೌಕ ಹಾಕುತ್ತದಂತೆ. ಗೋಡೆಯ ಮೇಲಿದ್ದ ತಾತನ ಫೋಟೊಗೆ ಹಾಕಿತು, ಕ್ಯಾಲೆಂಡರಿನ ಲಕ್ಷ್ಮಿಗೆ ಹಾಕಿತು, ಎದುರಿಗೇ ಕೂತಿದ್ದ ನನ್ನ ಹೆಂಡತಿಯನ್ನು ಬಿಟ್ಟಿತು. ಯಾರಾದರೂ ನಕ್ಕರೆ ತಾನೇ ಫೋಟೊ ತೆಗೆಯುವ ಏರ್ಪಾಡು ಇನ್ನೊಂದು. ನಮ್ಮ ವಂಶದಲ್ಲಿ ಕ್ಯಾಮೆರಾ ನೋಡಿ ನಕ್ಕವರಿಲ್ಲ. ಮದುವೆಯ ಫೋಟೊಗಳಲ್ಲೂ ಎಲ್ಲರೂ ಕೋರ್ಟಿನಲ್ಲಿ ನಿಂತ ಹಾಗೇ ಇದ್ದಾರೆ. ಹಾಗಾಗಿ ಆ ಏರ್ಪಾಡಿಗೆ ನಮ್ಮ ಮನೆಯಲ್ಲಿ ಒಂದು ದಿನವೂ ಕೆಲಸ ಸಿಗಲಿಲ್ಲ. ಗಾಲ್ಫ್ ಎಂಬ ಹೆಸರಿನ ಗುಂಡಿಯೂ ಇತ್ತು, ಕೋಲು ಬೀಸುವುದನ್ನು ನಿಧಾನಗತಿಯಲ್ಲಿ ತೋರಿಸಲಿಕ್ಕೆ. ಅದನ್ನು ಆಯುಧಪೂಜೆಯ ದಿನ ಸ್ಕೂಟರಿನ ಮುಂದೆ ಬೂದುಗುಂಬಳಕಾಯಿ ಒಡೆಯುವಾಗ ಬಳಸಿದೆ. ಕುಂಕುಮ ಮೆತ್ತಿದ ಕಾಯಿ ಗಾಳಿಯಲ್ಲಿ ಬಿಚ್ಚಿಕೊಳ್ಳುವುದು ಚೆನ್ನಾಗಿಯೇ ಕಂಡಿತೆಂದು ನ್ಯಾಯಕ್ಕೆ ಒಪ್ಪಿಕೊಳ್ಳಬೇಕು.

ಸ್ಪಷ್ಟತೆಯ ಬಗ್ಗೆಯೂ ಒಂದು ಮಾತು. ಕೆಂಗೇರಿ ಕಡೆಯ ಹಳೆಯ ಊರೊಂದರಲ್ಲಿ, ಬೇಲಿಯ ಪಕ್ಕ ಒರಗಿದ್ದ ವೀರಗಲ್ಲೊಂದನ್ನು ನೋಡಿದ್ದೆ. ಕೆಳಗಿನ ಅಂಕಣದಲ್ಲಿ ಒಬ್ಬ ದನ ಬಿಡಿಸಲು ಹೋರಾಡಿ ಬೀಳುತ್ತಾನೆ, ನಡುವಿನದರಲ್ಲಿ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಶಿವನ ಎದುರು ಕೂತಿದ್ದಾನೆ. ಒಂದು ಇಡೀ ಬದುಕಿಗೆ ಮೂರೇ ಚಿತ್ರ. ಅವನ ಮೂಗು ಹೇಗಿತ್ತೆಂದು ಶಿಲ್ಪಿಗೆ ಚಿಂತೆಯಿಲ್ಲ, ಅವನು ಯಾತಕ್ಕೆ ಬಿದ್ದ ಎಂಬುದನ್ನು ಮಾತ್ರ ಬಿಟ್ಟಿಲ್ಲ. ನನ್ನ ಕ್ಯಾಮೆರಾ ಸೆಕೆಂಡಿಗೆ ಅದೆಷ್ಟೋ ಚಿತ್ರ ತೆಗೆಯುತ್ತಿತ್ತು, ಮೂಗಿನ ಮೇಲಿನ ರಂಧ್ರ ರಂಧ್ರವನ್ನೂ ಎಣಿಸುತ್ತಿತ್ತು. ತನ್ನ ಮುಖವನ್ನು ಫುಲ್ ಎಚ್‌ಡಿಯಲ್ಲಿ ನೋಡಿದ ಸುಮಿತ್ರ, ಇನ್ನು ಮುಂದೆ ತನ್ನ ಕಡೆ ಅದನ್ನು ತಿರುಗಿಸಿದರೆ ಅಡಿಗೆ ನೀವೇ ಮಾಡಿಕೊಳ್ಳಿ ಎಂದುಬಿಟ್ಟಳು. ಕ್ಯಾಮೆರಾ ಬೀರು ಸೇರಿತು, ಸ್ಟಿಕ್ಕರಿನ ಸಮೇತ.

ಅದನ್ನು ಬೀರುವಿನಿಂದ ಹೊರಗೆ ತೆಗೆಸಿದವಳು ನನ್ನ ಅಕ್ಕ ಗಿರಿಜ. ಅವಳ ಮನೆ ಗೋವಿಂದರಾಜನಗರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವ ದೂರ. ಅವಳ ದನಿಗೆ ಅಷ್ಟು ನಡೆಯುವ ಅಗತ್ಯವೂ ಇರಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತು ಒಮ್ಮೆ ಕೂಗಿದರೆ ಬೀದಿಯ ಕೊನೆಯಲ್ಲಿ ಸೊಪ್ಪಿನ ಗಾಡಿ ನಿಲ್ಲುತ್ತಿತ್ತು. ನಲ್ಲಿಯಲ್ಲಿ ಕಾವೇರಿ ನೀರು ಬಂದ ಸುದ್ದಿ ಇಡೀ ಬೀದಿಗೆ ಗೊತ್ತಾಗುತ್ತಿದ್ದದ್ದು ಅವಳಿಂದ. ಚಿಕ್ಕಂದಿನಲ್ಲಿ ಅಪ್ಪ ಅವಳಿಗೆ ಮೆಲ್ಲಗೆ ಮಾತಾಡು ಎಂದು ಗದರಿದರು. ಮದುವೆಯಾದ ಮೇಲೆ ಅತ್ತೆ ಗದರಿದರು. ಭಾವ ಒಳ್ಳೆಯವರು, ಗದರದೆ ಬರೀ ಕೈ ಸನ್ನೆ ಮಾಡಿದರು. ಇನ್ನು ನನ್ನ ಉದ್ಯೋಗವೇ ಜನರನ್ನು ಸುಮ್ಮನಿರಿಸುವುದು. ಅವಳು ಬಾಯಿ ತೆರೆದಾಗಲೆಲ್ಲ ನನ್ನ ಬೆರಳು ತಾನಾಗಿ ತುಟಿಯ ಮೇಲೆ ಹೋಗುತ್ತಿತ್ತು.

ಅಂಥ ಗಿರಿಜಕ್ಕನ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆದು ಆಪರೇಷನ್ ನಿಶ್ಚಯವಾಯಿತು. ದನಿಯ ನರ ಗಡ್ಡೆಯ ಹಿಂದೆಯೇ ಹಾದುಹೋಗುತ್ತದೆ, ಎಚ್ಚರಿಕೆಯಿಂದ ಮಾಡುತ್ತೇವೆ, ಆದರೂ ದನಿ ಮೊದಲಿನ ಹಾಗೇ ಬರುತ್ತದೆಂದು ಹೇಳಲಾರೆವು ಎಂದರು ಡಾಕ್ಟರು. ಆಪರೇಷನ್ನಿಗೆ ಎರಡು ದಿನ ಮುಂಚೆ ಅಕ್ಕ ನಮ್ಮ ಮನೆಗೆ ಬಂದಳು. ಕಾಫಿ ಕುಡಿದಳು. ಲೋಟ ಕೆಳಗಿಟ್ಟು, ತನಗೆ ಒಗ್ಗದ ಮೆಲುದನಿಯಲ್ಲಿ ಹೇಳಿದಳು: "ಚಂದ್ರು, ನಿನ್ ಕ್ಯಾಮೆರಾದಲ್ಲಿ ನನ್ ದನಿ ಹಿಡಿದಿಟ್ಕೊಳ್ಳೋ. ಹೋಗ್ಬಿಟ್ರೆ ಹೆಂಗಿತ್ತು ಅಂತ ನಂಗೇ ಮರ್ತೋಗತ್ತೆ."

ಅಕ್ಕ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಕ್ಯಾಮೆರಾ, ಚಾರ್ಜರು, ಕೈಪಿಡಿ ಎಲ್ಲ ಹೊತ್ತು ಅವಳ ಮನೆಯ ತಾರಸಿಗೆ ಹೋದೆ, ಬೆಳಕು ಚೆನ್ನಾಗಿರುತ್ತದೆ ಎಂದು. ಅಕ್ಕ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಳು. ಭಾವ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಪಕ್ಕದಲ್ಲಿ ನಿಂತರು. ನಾನು ಗುಂಡಿ ಒತ್ತಿ "ಹೂಂ, ಮಾತಾಡು" ಎಂದೆ. ಇಬ್ಬರೂ ರೇಷನ್ ಕಾರ್ಡಿನ ಫೋಟೊಗೆ ನಿಂತವರಂತೆ ಉಸಿರು ಬಿಗಿಹಿಡಿದು ನಿಂತರು. ಒಂದು ನಿಮಿಷವಾದ ಮೇಲೆ ಭಾವ ತುಟಿ ಅಲ್ಲಾಡಿಸದೆ ಕೇಳಿದರು: "ಮುಗೀತಾ? ಅಲ್ಲಾಡ್ಬಹುದಾ?"

ಕೊನೆಗೆ ಅಕ್ಕ ಮಾತಾಡಿದಳು. ಆದರೆ ಅದು ಅವಳ ದನಿಯೇ ಅಲ್ಲ. "ಎಲ್ಲರಿಗೂ ನನ್ನ ನಮಸ್ಕಾರಗಳು. ನಾನು ಶ್ರೀಮತಿ ಗಿರಿಜಾ. ಈ ದಿನ ನನಗೆ ತುಂಬಾ ಸಂತೋಷವಾಗಿದೆ" ಎಂದು, ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡುವವರ ಸಣ್ಣ ಕಂಠ. ನಾಲ್ಕು ಸಲ ತೆಗೆದೆ, ನಾಲ್ಕು ಸಲವೂ ಅದೇ. ಅರವತ್ತು ವರ್ಷ ಯಾರ ಮಾತಿಗೂ ತಗ್ಗದ ದನಿ ಅಂಗೈ ಅಗಲದ ಡಬ್ಬಿಗೆ ತಗ್ಗಿಬಿಟ್ಟಿತ್ತು. ಬೇಸರವಾಗಿ ಗುಂಡಿ ಒತ್ತಿ, ಕ್ಯಾಮೆರಾವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಕೈಪಿಡಿಯಲ್ಲಿ ಇದಕ್ಕೇನಾದರೂ ಪರಿಹಾರವಿದೆಯೇ ಎಂದು ಹುಡುಕುತ್ತ ಕೂತೆ. ಇರಲಿಲ್ಲ. ಅಷ್ಟರಲ್ಲಿ ಕೆಳಗೆ ಸೊಪ್ಪಿನ ಮುನಿಯಣ್ಣನ ಗಾಡಿ ಹೋಯಿತು, ಅಕ್ಕ ರೇಷ್ಮೆ ಸೀರೆಯಲ್ಲೇ ತಾರಸಿಯ ಅಂಚಿಗೆ ಓಡಿಹೋಗಿ ಕೂಗಿ ಸೊಪ್ಪು ತೆಗೆದಿಡಿಸಿದಳು. ನಾನು ಓದುವುದಕ್ಕೆ ಅಡ್ಡಿಯಾಯಿತೆಂದು ಹುಬ್ಬು ಗಂಟಿಕ್ಕಿದೆ. ಇದೂ ಒಪ್ಪಿಕೊಳ್ಳಬೇಕಾದ ಮಾತೇ.

ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ದನಿಯೂ ಹೋದಂತೆ ಕಂಡಿತು. ಮನೆಗೆ ಬಂದ ಅಕ್ಕನ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಬಂದ ಮರುದಿನ ಬೆಳಿಗ್ಗೆಯೇ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ 'ವಿಡಿಯೋ' ಎಂದು ಬರೆದು ನನ್ನ ಮುಂದೆ ಹಿಡಿದಳು. ನಾನು ಮನೆಗೆ ಹೋಗಿ ಕ್ಯಾಮೆರಾ ತಂದು ಅದರ ವೈರನ್ನು ಅವರ ಟೀವಿಗೆ ಚುಚ್ಚಿದೆ.

ಟೀವಿಯಲ್ಲಿ ಮೊದಲು ಬಂದದ್ದು ನನ್ನ ಚಪ್ಪಲಿ. ಆಮೇಲೆ ತಾರಸಿಯ ಮೆಟ್ಟಿಲು, ಒಂದೊಂದಾಗಿ. ಆಮೇಲೆ ಭಾವನ ಷರ್ಟಿನ ಗುಂಡಿ, ಆಕಾಶ, ನೀರಿನ ಟ್ಯಾಂಕು. ನಮಸ್ಕಾರ ಹೇಳಿದ ಅಕ್ಕ ಎಲ್ಲೂ ಇಲ್ಲ. ನಾಲ್ಕು ಸಲದಲ್ಲಿ ಒಂದೂ ಇಲ್ಲ. ಭಾವ ಕ್ಯಾಮೆರಾ ಕೈಗೆ ತೆಗೆದುಕೊಂಡು ಪರದೆಯನ್ನು ಕಣ್ಣಿಗೆ ಹಿಡಿದು ನೋಡಿದರು, ಉಗುರಿನಿಂದ ಮೂಲೆ ಕೆರೆದರು. ಗುಳ್ಳೆ ಎದ್ದು ಮಾಸಿದ್ದ ಪ್ಲಾಸ್ಟಿಕ್ ಹಾಳೆ ಪರಪರ ಎಂದು ಕಿತ್ತು ಬಂತು. ಅದರಡಿ, ಅದೇ ಮೂಲೆಯಲ್ಲಿ, ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಎಂದು ಹೇಳುವ ಚಿಕ್ಕ ಗುರುತು. ಗುಂಡಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಮೆಟ್ಟಿಲು ಹತ್ತುವಾಗಲೇ ಎಲ್ಲೋ ಕೈ ತಗುಲಿ ಶುರುವಾಗಿತ್ತು. ಅಲ್ಲಿಂದ ಮುಂದೆ ನಾನು ಶುರು ಎಂದಾಗಲೆಲ್ಲ ಅದು ನಿಂತಿದೆ, ಸಾಕು ಎಂದಾಗಲೆಲ್ಲ ಓಡಿದೆ. ಒತ್ತಿದಾಗ ಕೀಂ ಎನ್ನುವ ಸದ್ದೊಂದಿತ್ತು, ಅದನ್ನು ಕೊಂಡ ದಿನವೇ ನಾನು ಬಂದ್ ಮಾಡಿದ್ದೆ. ಸದ್ದು ಸಹಿಸದ ಲೈಬ್ರೇರಿಯನ್ ಅಲ್ಲವೇ?

ನನಗೆ ತಲೆ ಎತ್ತಲಾಗಲಿಲ್ಲ. ಒಂದೇ ಒಂದು ಕೆಲಸ ಕೇಳಿದ್ದಳು, ಅದನ್ನು ಆ ಹಾಳೆಯೂ ನಾನೂ ಸೇರಿ ಕೆಡಿಸಿದ್ದೆವು. ಕ್ಷಮೆ ಕೇಳೋಣವೆಂದು ಅಕ್ಕನ ಕಡೆ ತಿರುಗಿದರೆ ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ, ಟೀವಿ ನೋಡುತ್ತಿದ್ದಳು.

ಟೀವಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ಒಂದು ನೀಲಿ ಬಕೆಟ್ಟು. ಕಲ್ಲಿನ ಮೇಲೆ ಇರುವೆ ಸಾಲು. ಪ್ರತಿ ಇರುವೆಯ ಕಾಲನ್ನೂ ಎಣಿಸಬಹುದು, ಅಂಥ ದಿವ್ಯ ಸ್ಪಷ್ಟತೆ. ಬಕೆಟ್ಟಿನ ಹಿಂದೆ ರೇಷ್ಮೆ ಸೀರೆಯ ಅಂಚೊಂದು ಸರಸರನೆ ಓಡಿತು. ಅದರ ಹಿಂದೆಯೇ ದನಿ. "ಮುನಿಯಣ್ಣಾ! ರೀ ಮುನಿಯಣ್ಣಾ, ನಿಲ್ಸ್ರೀ ಗಾಡೀನ! ಮೆಂತ್ಯ ಎರಡು ಕಟ್ಟು ತೆಗ್ದಿಡ್ರೀ! ನೆನ್ನೆ ಥರ ಬಾಡಿರೋದು ಕೊಟ್ರೆ ನಾಳೆ ಈ ಬೀದಿ ಕಡೆ ತಲೆ ಹಾಕ್ಬೇಡಿ!"

ಅದೇ ದನಿ. ಆದರೆ ಎಲ್ಲೋ ದೂರದಿಂದ, ಬಾವಿಯೊಳಗಿಂದ ಬಂದಷ್ಟು ಸಣ್ಣದಾಗಿ. ಏಕೆಂದು ನನಗೆ ತಕ್ಷಣ ತಿಳಿಯಿತು. ಕೈಪಿಡಿ ಓದಿದವನಲ್ಲವೇ? ಸದ್ದು ಅತಿಯಾದರೆ ಈ ಕ್ಯಾಮೆರಾ ತಾನಾಗಿಯೇ ಅದನ್ನು ತಗ್ಗಿಸುತ್ತದೆ, ಕೇಳುವವರಿಗೆ ಹಿತವಾಗಲೆಂದು. ಅಪ್ಪ, ಅತ್ತೆ, ಭಾವ, ನಾನು, ಕಡೆಗೆ ಒಂದು ಯಂತ್ರ. ಎಲ್ಲರೂ ಅವಳಿಗೆ ಅದನ್ನೇ ಹೇಳಿದ್ದೆವು. ನನಗೆ ಮೈ ಉರಿದುಹೋಯಿತು, ಹೆಚ್ಚಾಗಿ ನನ್ನ ಮೇಲೆಯೇ.

ಅಕ್ಕ ರಿಮೋಟಿನ ಕಡೆ ಕೈ ತೋರಿಸಿದಳು. ಅವರ ರಿಮೋಟಿಗೂ ಪ್ಲಾಸ್ಟಿಕ್ ಕವರೇ. ಕವರು ಕಿತ್ತೆಸೆದು, ದನಿಯನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿ ಮತ್ತೆ ಹಾಕಿದೆ. ಗಾಜಿನ ಷೋಕೇಸು ಅದುರಿತು. "ಮುನಿಯಣ್ಣಾ! ರೀ ಮುನಿಯಣ್ಣಾ, ನಿಲ್ಸ್ರೀ ಗಾಡೀನ!" ಎಂಬ ಕೂಗು ತೆರೆದ ಬಾಲ್ಕನಿಯಿಂದ ಬೀದಿಗೆ ಹೋಯಿತು. ಸಮಯ ಬೆಳಗಿನ ಒಂಬತ್ತು. ಕೆಳಗೆ, ಬೀದಿಯ ಕೊನೆ ತಲುಪಿದ್ದ ಗಾಡಿಯೊಂದು ಗಕ್ಕನೆ ನಿಂತಿತು.

"ಬಂದೆ ಕಣಮ್ಮಾ!" ಎಂದಿತು ಮುನಿಯಣ್ಣನ ದನಿ. ಗಾಡಿ ತಿರುಗಿಸಿಕೊಂಡು ಬಾಲ್ಕನಿಯ ಕೆಳಗೆ ಬಂದು ನಿಂತು ಅವನು ಮೇಲೆ ನೋಡಿದ. "ಯಾವಾಗ ಬಂದ್ರೀ ಆಸ್ಪತ್ರೆಯಿಂದ? ಗಂಟ್ಲು ಹೋಗ್ಬಿಡತ್ತೆ ಅಂತಿದ್ರು, ಏನೂ ಆಗಿಲ್ವಲ್ಲಮ್ಮಾ!"

ಅಕ್ಕ ನಕ್ಕಳು. ಸದ್ದೇ ಇಲ್ಲದ ನಗು, ಕಣ್ಣಲ್ಲಿ ನೀರು. ಬಾಲ್ಕನಿಗೆ ಹೋಗಿ ಅವನಿಗೆ ಎರಡು ಬೆರಳು ತೋರಿಸಿದಳು, ಅವನಿಗೆ ಅರ್ಥವಾಗಲಿಲ್ಲ. ಆಗ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು. ನಾನು ಕಂಬಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಬೀದಿಯ ಮೇಲೆ ಕೂಗಿದೆ: "ಮೆಂತ್ಯ! ಎರಡು ಕಟ್ಟು!"

"ಏನ್ ಸಾರ್? ಕೇಳಿಸ್ಲಿಲ್ಲ" ಎಂದ ಮುನಿಯಣ್ಣ.

ಅಕ್ಕ ನನ್ನ ಕಿವಿಯ ಹತ್ತಿರ ಬಾಯಿ ತಂದಳು. ಬರೀ ಉಸಿರಿನಲ್ಲಿ, ಆದರೂ ಸ್ಪಷ್ಟವಾಗಿ, ಹೇಳಿದಳು: "ಜೋರಾಗಿ ಕಣೋ."