ಬಣವೆ ಸುಟ್ಟವನ ಗಂಟೆ

ಸಂಶಿಯಿಂದ ಆಚೆಗಿನ ಆ ಹಳ್ಳಿಯಲ್ಲಿ ಬಸವಣ್ಣನ ಗುಡಿಗೆ ಇದ್ದಷ್ಟು ಹಿತ್ತಾಳೆ ಸಾಮಾನು ಸುತ್ತಿನ ಯಾವ ಗುಡಿಗೂ ಇರಲಿಲ್ಲ. ಅದು ಭಕ್ತಿಗೆ ಬಂದದ್ದಲ್ಲ, ದಂಡಕ್ಕೆ ಬಂದದ್ದು. ಊರಲ್ಲಿ ಯಾರು ಏನು ತಪ್ಪು ಮಾಡಿದರೂ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ತಪ್ಪು ಮಾಡಿದವನು ದೇವರಿಗೆ ಇಂಥದ್ದು ಕೊಡಬೇಕು ಎಂದು ಹೇಳಿ ಧೋತರ ಝಾಡಿಸಿ ಏಳುತ್ತಿದ್ದರು. ಹೆಂಡತಿಯ ಕೈ ಮುರಿದವನು ಕೊಟ್ಟದ್ದು ತೂಗುದೀಪ. ಬಾಷಾಸಾಬನ ಕಣದಿಂದ ಮೆಣಸಿನಕಾಯಿ ಚೀಲ ಹೊತ್ತೊಯ್ದವನು ಕೊಟ್ಟದ್ದು ಮಂಗಳಾರತಿ ತಟ್ಟೆ. ಆ ಹೆಂಗಸಿನ ಕೈ ಸೊಟ್ಟಗೇ ಉಳಿಯಿತು, ಬಾಷಾಸಾಬನ ಚೀಲ ತಿರುಗಿ ಬರಲಿಲ್ಲ. ದೇವರ ಮುಂದೆ ಬೆಳಕು ಮಾತ್ರ ಹೆಚ್ಚಾಯಿತು.

ಪ್ರತಿ ಅಮಾವಾಸ್ಯೆಯ ಮುಂಚೆ ಈ ಸಾಮಾನಿಗೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ಸೇವೆ ಮಲ್ಲಕ್ಕನದು. ಅತ್ತೆ ತಿಕ್ಕುತ್ತಿದ್ದಳು, ಅವಳ ನಂತರ ಇವಳು. ಮಲ್ಲಕ್ಕ ತೆಳ್ಳಗಿನ ಹೆಂಗಸು. ಊರಿನ ಸುದ್ದಿಗೆ ಹೋದವಳಲ್ಲ, ಹೊಲದಲ್ಲಿ ಗಂಡನಿಗಿಂತ ಒಂದು ಸಾಲು ಮುಂದೆ ಇರುತ್ತಿದ್ದವಳು. ಗಂಡ ಮಡಿವಾಳೆಪ್ಪ ಒಳ್ಳೆಯವನು. ಯಾರು ಏನು ಹೇಳಿದರೂ "ಹೌದ್ರಿ" ಅನ್ನುತ್ತಿದ್ದ. ಅಂಥವನನ್ನು ಊರು ಒಳ್ಳೆಯವನು ಅನ್ನದೆ ಇನ್ನೇನು ಅಂದೀತು?

ಎಂಬತ್ನಾಲ್ಕರ ಬೇಸಿಗೆಯಲ್ಲಿ ಅವರ ಹಿತ್ತಿಲಿನ ಬಣವೆ ಸುಟ್ಟಿತು. ಜೋಳದ ಕಣಿಕೆಯ ಬಣವೆ ಅದು. ಮಳೆ ಬಿದ್ದು ಹಸಿರು ಹುಟ್ಟುವವರೆಗೆ ಜೋಡೆತ್ತಿಗೆ ಇದ್ದ ಮೇವು ಅಷ್ಟೇ. ಸುಟ್ಟವನು ಕುಬೇರಪ್ಪ. ಆಚೆಗಿನ ತನ್ನ ಹೊಲಕ್ಕೆ ಹೋಗಲು ಮಲ್ಲಕ್ಕನ ಹೊಲದೊಳಗೆ ಚಕ್ಕಡಿ ಹೊಡೆಯುವುದು ಅವನಿಗೆ ರೂಢಿಯಾಗಿತ್ತು. ಅವಳು ಅಲ್ಲಿ ಮುಳ್ಳು ಹಚ್ಚಿದಳು, ಅವನು ಇಲ್ಲಿ ಬೆಂಕಿ ಹಚ್ಚಿದ. ಚಕ್ಕಡಿ ಬಾಡಿಗೆ ಹೊಡೆಯುವ ಖಾಜಾಸಾಬ ಕಣ್ಣಾರೆ ನೋಡಿದ್ದ. ಕುಬೇರಪ್ಪ ಇಲ್ಲ ಅನ್ನಲೂ ಇಲ್ಲ. ದೊಡ್ಡವರ ಮನೆಯವರಿಗೆ ಸುಳ್ಳು ಹೇಳುವ ಕಷ್ಟವೂ ಇರುವುದಿಲ್ಲ.

ಕಟ್ಟೆ ಕೂಡಿತು. ಹಿರಿಯ ಹೊಳೆಪ್ಪ ಬಹಳ ಹೊತ್ತು ಕಣ್ಣು ಮುಚ್ಚಿದ. ಯೋಚನೆ ಮಾಡಿದನೋ ನಿದ್ದೆ ಮಾಡಿದನೋ, ಕಣ್ಣು ತೆರೆದು, ಕುಬೇರಪ್ಪ ಬಸವಣ್ಣನಿಗೆ ದೊಡ್ಡ ಗಂಟೆ ಕೊಡಬೇಕು ಎಂದ. ಠಾಣೆಗೆ ಯಾರೂ ಹೋಗಕೂಡದು, ಊರಿನ ಮಾನದ ಪ್ರಶ್ನೆ ಎಂದೂ ಸೇರಿಸಿದ. ಮಡಿವಾಳೆಪ್ಪ "ಹೌದ್ರಿ" ಅಂದ.

ಹೆಂಗಸರ ಕಡೆಯಿಂದ ಮಲ್ಲಕ್ಕ ಕೇಳಿದಳು: "ಗಂಟಿ ದೇವರಿಗಾತ್ರಿ ಅಜ್ಜಾರ. ನನ್ನ ಎತ್ತಿಗೇನ್ರಿ?"

"ದಂಡ ಬಿತ್ತಲ್ಲವ್ವಾ, ನ್ಯಾಯ ಮುಗೀತು. ನಿನಗ ದೇವರು ಕೊಡ್ತಾನ."

ಗಂಟೆ ಹುಬ್ಬಳ್ಳಿಯಿಂದ ಬಂತು. ಅದರ ಮೈಮೇಲೆ, ಕುಬೇರಪ್ಪನವರ ಭಕ್ತಿಯ ಕಾಣಿಕೆ ಎಂದು ಕೊರೆಸಿತ್ತು. ಕಟ್ಟುವ ದಿನ ಹಿರಿಯರೇ ನಿಂತು ಅವನಿಗೆ ಶಾಲು ಹೊದಿಸಿದರು. ಬೆಂಕಿ ಹಚ್ಚಿದವನು ಶಾಲು ಹೊದ್ದು ಕೈ ಮುಗಿದು ನಿಂತ, ಮೇವು ಕಳೆದುಕೊಂಡವಳು ಪ್ರಸಾದಕ್ಕೆ ಕೈ ಒಡ್ಡಿ ನಿಂತಳು. ಕಲ್ಲಿನ ಬಸವಣ್ಣ ಎಂದಿನಂತೆ ತುಂಬಿದ ಹೊಟ್ಟೆಯಲ್ಲಿ ಕೂತಿದ್ದ.

ಮನೆಯಲ್ಲಿ ಎತ್ತುಗಳ ಪಕ್ಕೆಲುಬು ಕಾಣತೊಡಗಿದವು. ಬಾಜೂ ಮನೆಯ ರಾಜಮಾಬಿ ತನ್ನ ಎಮ್ಮೆಯ ಮುಂದಿನದನ್ನೇ ತೆಗೆದು ಒಂದೊಂದು ಸಿವುಡು ಕಣಿಕೆ ಕೊಟ್ಟಳು. ಎಷ್ಟು ದಿನ ಕೊಟ್ಟಾಳು? ಎತ್ತುಗಳನ್ನು ಅಣ್ಣಿಗೇರಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರೋಣ ಎಂದು ಮಡಿವಾಳೆಪ್ಪ ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಕುಬೇರಪ್ಪನೇ ಹೇಳಿ ಕಳಿಸಿದ, ಅಷ್ಟು ದೂರ ಯಾಕೆ, ಸೊರಗಿದ ಎತ್ತನ್ನು ತಾನೇ ಕೊಳ್ಳುತ್ತೇನೆ, ಪಾಪ ಅನ್ನಿಸುತ್ತದೆ ಎಂದು. ಎತ್ತು ಹೋದರೆ ಬಿತ್ತನೆ ಹೋಯಿತು, ಬಿತ್ತನೆ ಹೋದರೆ ಮಲ್ಲಕ್ಕ ಅದೇ ಕುಬೇರಪ್ಪನ ಹೊಲದಲ್ಲಿ ಕಳೆ ತೆಗೆಯಬೇಕು. ಅವನ ಪಾಪದ ಲೆಕ್ಕ ಅವಳಿಗೆ ಅರ್ಥವಾಯಿತು.

ಅಮಾವಾಸ್ಯೆ ಹತ್ತಿರ ಬಂತು. ಪೂಜಾರಿ ಎಂದಿನಂತೆ ಸಾಮಾನೆಲ್ಲ ಬುಟ್ಟಿಗೆ ತುಂಬಿದ. ಹೊಸ ಗಂಟೆಯನ್ನೂ ತಾನೇ ಕೊಂಡಿಯಿಂದ ಬಿಚ್ಚಿ, ಇದನ್ನು ಜೋಪಾನವಾಗಿ ತಿಕ್ಕು ಎಂದು ಅವಳ ಕೈಗೆ ಕೊಟ್ಟ. ಮಲ್ಲಕ್ಕ ಸುಟ್ಟ ಬಣವೆಯ ಬೂದಿಯಲ್ಲೇ ಎಲ್ಲವನ್ನೂ ತಿಕ್ಕಿದಳು. ದೀಪ, ತಟ್ಟೆ, ತಂಬಿಗೆ ಗುಡಿಗೆ ಮರಳಿದವು, ಗಂಟೆ ಮರಳಲಿಲ್ಲ. ಅದನ್ನು ಅವಳು ಎತ್ತಿಗೆ ಮೇವು ಹಾಕುವ ಗೋದಲಿಯ ಮೇಲಿನ ತೊಲೆಗೆ ಕಟ್ಟಿದ್ದಳು. ಎತ್ತು ಮೇವಿಗಾಗಿ ತಲೆ ಎತ್ತಿದಾಗಲೆಲ್ಲ ಕೋಡು ಬಡಿದು ಗಂಟೆ ಬಾರಿಸುತ್ತಿತ್ತು. ಓಣಿಯೆಲ್ಲ ಕೇಳಿಸುತ್ತಿತ್ತು. ಎತ್ತು ಎಷ್ಟು ಹಸಿದಿತ್ತೋ ಅಷ್ಟು ಬಾರಿಸಿತು.

ಹಿರಿಯರು ಅವಸರದಿಂದ ಬಂದರು. ಬಣವೆ ಸುಟ್ಟಾಗ ಅವರ್‍ಯಾರೂ ಆ ಹಿತ್ತಿಲಿಗೆ ಕಾಲಿಟ್ಟಿರಲಿಲ್ಲ.

"ದೇವರ ಸಾಮಾನು ಕದ್ದಿಯಲ್ಲ ಬೇ," ಅಂದ ಹೊಳೆಪ್ಪ.

"ಕದ್ದೇನ್ರಿ. ದಂಡ ಹಾಕ್ರಿ. ನಾನೂ ದೇವರಿಗೆ ಒಂದು ಗಂಟಿ ಕೊಡ್ತೇನಿ, ಇದನ್ನ. ಶಾಲು ತಂದೀರೇನು?"

ಗೋಡೆಯ ಆಚೆ ರಾಜಮಾಬಿ ನಕ್ಕದ್ದು ಕೇಳಿಸಿತು. ಹೊಳೆಪ್ಪ ಸಿಟ್ಟಿಗೆದ್ದು, ಠಾಣೆಗೆ ಸುದ್ದಿ ಮುಟ್ಟಿಸುತ್ತೇನೆ ಎಂದ.

"ನಡೀರಿ, ಹೋಗೂಣು," ಎಂದಳು ಮಲ್ಲಕ್ಕ. "ಗುಡಿಗೆ ಈ ಗಂಟಿ ಯಾಕ ಬಂತು ಅಂತ ಫೌಜದಾರ್ರು ಕೇಳ್ತಾರ. ನಾ ಹೇಳ್ತೇನಿ, ಖಾಜಾಸಾಬ ಹೇಳ್ತಾನ. ಮುಚ್ಚಿಟ್ಟವರು ಯಾರು ಅಂತನೂ ಕೇಳ್ತಾರ."

ಊರಿನ ಮಾನ ಒಮ್ಮೆಲೇ ಒಂದು ಹೆಜ್ಜೆ ಹಿಂದೆ ಸರಿಯಿತು. ಹಿಂದೆ ನಿಂತಿದ್ದ ಕುಬೇರಪ್ಪ ಮುಂದೆ ಬಂದು, ನಿನಗೆ ಏನು ಬೇಕು ಎಂದು ಗದರಿದ.

"ಸುಟ್ಟ ಜಾಗಾದಾಗ ತಿರುಗಿ ಬಣವಿ ಒಟ್ಟು. ಅಷ್ಟ."

ಮಡಿವಾಳೆಪ್ಪ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ಅಭ್ಯಾಸಬಲದಿಂದ "ಹೌದ್ರಿ" ಅಂದ. ಮದುವೆಯಾದ ಮೇಲೆ ಅವನ ಆ ಮಾತು ಅವಳ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮರುದಿನ ಖಾಜಾಸಾಬನ ಚಕ್ಕಡಿ ಬಂತು. ತುಂಬ ಇದ್ದದ್ದು ಕುಬೇರಪ್ಪನ ಬಣವೆಯ ತಳದ ಮೇವು, ಕಪ್ಪಗೆ ಬೂಸ್ಟು ಹಿಡಿದದ್ದು. ಮಲ್ಲಕ್ಕ ಒಂದು ಸಿವುಡು ಎಳೆದು ಎತ್ತಿನ ಮುಂದೆ ಹಿಡಿದಳು. ಹಸಿದ ಎತ್ತು ಮೂಸಿ ಮುಖ ತಿರುವಿತು. ಚಕ್ಕಡಿ ಹಾಗೆಯೇ ವಾಪಸು ಹೋಯಿತು, ಗುಡಿಯ ಕಟ್ಟೆಯ ಮುಂದಿನಿಂದಲೇ, ಹಿರಿಯರ ಕಣ್ಣಿಗೆ ಬೀಳುವ ಹಾಗೆ. ಎರಡನೆಯ ಸಲ ಕುಬೇರಪ್ಪನ ಎತ್ತುಗಳೇ ತಿನ್ನುವ ಕಣಿಕೆ ಬಂತು, ಒಟ್ಟಲು ಆಳುಗಳೂ ಬಂದರು. ಬೆಂಕಿ ಹಚ್ಚುವಾಗ ಇವರು ಇರಲಿಲ್ಲ, ಇವರಿಗೇಕೆ ಶಿಕ್ಷೆ ಎಂದು ಮಲ್ಲಕ್ಕ ಅವರಿಗೆ ಮಜ್ಜಿಗೆ ಕೊಟ್ಟು ನೆರಳಿಗೆ ಕೂರಿಸಿದಳು.

ಕುಬೇರಪ್ಪ ಬರಬೇಕಾಯಿತು. ಬಿಳಿ ಧೋತರ ಎತ್ತಿ ಕಟ್ಟಿ ಅವನು ಬಣವೆಯ ಮೇಲೆ ನಿಂತ, ಅವಳು ಕೆಳಗಿನಿಂದ ಸಿವುಡು ಎಸೆದಳು. ತೆನೆ ಕೊಯ್ದ ತುದಿ ಒಳಗೆ, ಬುಡ ಹೊರಗೆ ಇಡಬೇಕು ಎನ್ನುವುದೂ ಅವನಿಗೆ ಮರೆತಿತ್ತು. ಒಂದು ಮಗ್ಗುಲು ಜಾರಿ, ಸಿವುಡಿನ ಸಮೇತ ಕೆಳಗೆ ಬಂದ. ಓಣಿಯವರು ಕೈ ನೀಡಲಿಲ್ಲ, ನೋಡಿದರು. ಗಂಟೆ ಕೊಡುವಾಗ ಬಾಗದಿದ್ದ ಬೆನ್ನು ಅಂದು ಇಡೀ ದಿನ ಬಾಗಿತು. ಸಂಜೆ ಅವನ ಮುಂಗೈ ಮೇಲೆಲ್ಲ ಕಣಿಕೆಯ ಗೀರುಗಳು. ಶಾಲು ಹೊದಿಸಲು ಯಾರೂ ಬರಲಿಲ್ಲ.

ಗಂಟೆಯನ್ನು ಮಲ್ಲಕ್ಕ ಮತ್ತೊಮ್ಮೆ ತಿಕ್ಕಿ, ಹೆಸರು ಫಳಫಳ ಹೊಳೆಯುವಂತೆ ಮಾಡಿ ಗುಡಿಗೆ ಮುಟ್ಟಿಸಿದಳು. ತಮ್ಮ ನ್ಯಾಯದಿಂದಲೇ ಎಲ್ಲ ಸರಿಹೋಯಿತು ಎಂದು ಹಿರಿಯರು ಊರಿಗೆ ಬಂದವರ ಮುಂದೆ ಹೇಳಿಕೊಂಡರು. ಈಗಲೂ ಹೇಳಿಕೊಳ್ಳುತ್ತಾರೆ.

ಮಿರಗದ ಮಳೆ ಬಿದ್ದು, ಬಿತ್ತನೆಗೆ ಎತ್ತು ಹೊಡೆದುಕೊಂಡು ಮಲ್ಲಕ್ಕ ಗುಡಿಯ ಮುಂದೆ ಹೋಗುತ್ತಿದ್ದಳು. ಒಳಗೆ ಕುಬೇರಪ್ಪ ಗಂಟೆ ಬಾರಿಸಿದ. ಎಡಗಡೆಯ ಎತ್ತು ಗುರುತು ಹಿಡಿದು ಗಕ್ಕನೆ ನಿಂತು, ಮೇವು ಬಂತೆಂದು ಗುಡಿಯ ಕಡೆ ಕತ್ತು ಚಾಚಿತು.

"ನಡಿಯಪಾ," ಎಂದಳು ಮಲ್ಲಕ್ಕ. "ಅಲ್ಲೇನೂ ಸಿಗೂದಿಲ್ಲ."