ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ನಸಾರಿಯೊ

ನನ್ನ ಅಣ್ಣ ನಸಾರಿಯೊ ಪುಕ್ಕಲ. ಮುಚ್ಚಿಟ್ಟು ಏನು ಬಂತು, ಪಾತ್ಸ್‌ಕ್ವಾರೊ ಸರೋವರದ ಮೀನುಗಾರರಿಗೆಲ್ಲ ಗೊತ್ತಿರುವ ಮಾತು. ಗುಡುಗು ಕೇಳಿದರೆ ಬಲೆ ಬಿಟ್ಟು ದಡ ಸೇರುವವನು. ಅಂಥವನನ್ನೇ ಊರ ಸಭೆ ಕೊಳೆನೀರು ತಿಳಿಮಾಡುವ ಹೊಸ ಘಟಕ ನೋಡಿಕೊಳ್ಳಲು ಒಂದು ವರ್ಷಕ್ಕೆ ನೇಮಿಸಿತು. ನಮ್ಮಲ್ಲಿ ಊರ ಕೆಲಸ ಸರದಿಯಂತೆ ಬರುತ್ತದೆ. ಒಲ್ಲೆ ಎನ್ನುವಂತಿಲ್ಲ.

ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ಮೊದಲು ಅಲ್ಲಿನ ಆಳದ ತೊಟ್ಟಿಗೆ ಬೀಳುತ್ತದೆ. ತಳದಿಂದ ಯಂತ್ರ ಗಾಳಿ ಊದುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಕೊಳೆ ತಿನ್ನುತ್ತವೆ. ಆಮೇಲೆ ಕೂದಲೂ ತೂರದಂಥ ಜರಡಿ, ಅದರಾಚೆ ರೋಗಾಣು ಕೊಲ್ಲುವ ನೀಲಿ ದೀಪ. ಸರೋವರಕ್ಕೆ ಸೇರುವಾಗ ನೀರು ತಿಳಿಯಾಗಿರುತ್ತದೆ.

ಕೆಲಸ ಕಲಿಸಲು ಬಂದ ಇಂಜಿನಿಯರಮ್ಮ ಒಂದು ಬಾಟಲಿಗೆ ಹೆಚ್ಚುಕಡಿಮೆ ಬಾಯಿಮಟ್ಟ ನೀರು ತುಂಬಿ ಮುಚ್ಚಳ ಹಾಕಿದಳು. ಬಕೆಟ್ಟಿನಲ್ಲಿ ಅದು ತೇಲಿತು. ತೊಟ್ಟಿಗೆ ಎಸೆದಾಗ ಮುಳುಗಿತು.

“ಈ ನೀರಲ್ಲಿ ಗಾಳಿ ತುಂಬಿದೆ, ಬಿದ್ದೋರನ್ನ ಎತ್ತಿ ಹಿಡಿಯಲ್ಲ. ಈಜು ಬರತ್ತೆ ಅಂತ ನಂಬ್ಕೋಬೇಡಿ. ಯಾರಾದ್ರೂ ಬಿದ್ರೆ ಮೊದ್ಲು ಯಂತ್ರ ನಿಲ್ಲಿಸಿ.”

ಅಂದಿನಿಂದ ಅಣ್ಣ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ತೊಟ್ಟಿಯ ಸುತ್ತಲಿನ ಕಂಬಿಗೆ ಕಟ್ಟಿಯೇ ಕೆಲಸ ಮಾಡುತ್ತಿದ್ದ. ನಿದ್ದೆಯಲ್ಲೂ ಕೈಕಾಲು ಬಡಿಯುತ್ತಾನೆ ಎಂದು ಅತ್ತಿಗೆ ಅಳುತ್ತಿದ್ದಳು. ತೊಟ್ಟಿಯ ಗಾಳಿಗುಳ್ಳೆಗಳ ಗೊರಗೊರ ಸದ್ದು ಕೇಳಿದರೆ ನಾನೂ ದೂರವೇ ನಿಲ್ಲುತ್ತಿದ್ದೆ.

ನನ್ನ ಗಂಡ ಹೆನಾರೊಗೆ ಮಾತ್ರ ನಗು. ಮದುವೆಗೆ ಮುಂಚೆ ಎದುರು ದಡದಿಂದ ಈಜಿಕೊಂಡೇ ಬಂದು ನನ್ನನ್ನು ನೋಡಿಹೋಗುತ್ತಿದ್ದ ಪ್ರಾಣಿ ಅದು.

“ಏನ್ ಭಾವಾ, ಮೇಕೆ ಮೇಯಕ್ಕೆ ಹೊರಟ್ತಾ?”

“ನಗಪ್ಪಾ, ನಗು. ನಿನ್ ಸರದೀನೂ ಬರತ್ತೆ.”

ಬಂದೇ ಬಂತು. ವರ್ಷ ತುಂಬಿದ ದಿನ ಊರವರೆಲ್ಲ ಘಟಕದಲ್ಲಿ ಸೇರಿದ್ದರು. ಅಣ್ಣ ಹಗ್ಗವನ್ನು ಹೆನಾರೊನ ಕೈಗಿತ್ತ. ಇವನು ಅದನ್ನು ಹೂಮಾಲೆಯಂತೆ ಅಣ್ಣನ ಕೊರಳಿಗೇ ಹಾಕಿ, ಕಂಬಿಯ ಮೇಲೆ ಹಾರಿ ಕೂತ.

“ನಂಗ್ಯಾಕೆ ಹಗ್ಗ? ನಮ್ಮವ್ವ ನನ್ನ ಹೆತ್ತಿದ್ದೇ ದೋಣೀಲಿ!”

“ಇಳಿಯೋ ಮಾರಾಯ, ಕೈ ಮುಗೀತೀನಿ!”

ಕಂಬಿಯ ಮೇಲೆ ನೊರೆ ಮೆತ್ತಿತ್ತು. ಹೆನಾರೊ ಹಿಂದಕ್ಕೆ ಜಾರಿ ತೊಟ್ಟಿಗೆ ಬಿದ್ದ.

ನಾವು ಸರೋವರದ ಜನ. ನೀರಿಗೆ ಬಿದ್ದವನು ಮೇಲೆ ಬಂದೇ ಬರುತ್ತಾನೆ ಎಂದು ನಂಬಿದವರು. ಎಲ್ಲರೂ ನಗುತ್ತಲೇ ಕಾದರು. ಒಂದು ಕೈ ಕಂಡಿತು. ಮತ್ತೆ ಅದೂ ಕಾಣಲಿಲ್ಲ. “ಅಣ್ಣಾ!” ಎಂದು ಚೀರಿ ತಿರುಗಿದರೆ ಅಣ್ಣ ಓಡುತ್ತಿದ್ದಾನೆ, ತೊಟ್ಟಿಯ ಕಡೆಗಲ್ಲ, ಗೇಟಿನ ಕಡೆಗೆ, ಕೊರಳಲ್ಲಿ ಹಗ್ಗದ ಸಮೇತ.

“ಥೂ, ಹೇಡಿ!” ಎಂದು ಯಾರೋ ಕೂಗಿದರು. ಇಬ್ಬರು ಅಂಗಿ ಬಿಚ್ಚಿ ಹಾರಲು ನಿಂತರು.

ಅಷ್ಟರಲ್ಲಿ ಗೊರಗೊರ ನಿಂತಿತು. ಗುಳ್ಳೆಗಳು ಒಡೆದು ನೀರು ಸುಮ್ಮನಾಯಿತು. ಮೂಲೆಯಲ್ಲಿ ಹೆನಾರೊನ ತಲೆ ಮೇಲೆ ಬಂತು. ಅಣ್ಣ ವಾಪಸು ಓಡಿಬಂದು ಹಗ್ಗ ಎಸೆದ. ನಾಲ್ಕಾರು ಜನ ಸೇರಿ ಎಳೆದು ಹಾಕಿದಾಗ ನನ್ನ ಗಂಡ ಕಕ್ಕುತ್ತಾ, ನನ್ನ ಶಾಲು ಹಿಡಿದುಕೊಂಡು ಮಗುವಿನಂತೆ ನಡುಗಿದ.

ಊರವರು ಅಣ್ಣನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಆಮೇಲೆ ಅವನು ಗೋಡೆಯ ಮರೆಯಲ್ಲಿ ನನ್ನೊಬ್ಬಳಿಗೇ ಹೇಳಿದ.

“ಯಂತ್ರ ನಿಲ್ಸಕ್ಕೆ ಅಂತ ಓಡ್ಲಿಲ್ಲ ಕಣೇ. ಹೆದ್ರಿ ಮನೆಗೆ ಓಡ್ತಿದ್ದೆ. ಸ್ವಿಚ್ಚು ಗೇಟಿನ ಪಕ್ಕದಲ್ಲೇ ಇತ್ತು, ಕಣ್ಣಿಗೆ ಬಿತ್ತು.”

“ನಿನ್ ಹೆದ್ರಿಕೆ ಹೊಟ್ಟೆ ತಣ್ಣಗಿರ್ಲಿ,” ಎಂದೆ.

ಮರುದಿನ ಹೆನಾರೊ ತಾನೇ ಹಗ್ಗ ಬಿಗಿದುಕೊಂಡ, ಎಳೆದೆಳೆದು ನೋಡಿಕೊಂಡ. ತೊಟ್ಟಿಯ ಬಳಿ ಹೋಗುವ ಮುನ್ನ ಮೆಲ್ಲಗೆ ಕೇಳಿದ.

“ಭಾವಾ, ಗೇಟ್ ಹತ್ರಾನೇ ನಿಂತಿರ್ತೀಯಾ?”

ಸರದಿ ಮುಗಿದಿದ್ದರೂ ಅಣ್ಣ ನಿಂತ. ಕಾಲು ನಡುಗುತ್ತಿತ್ತು. ಕೈ ಸ್ವಿಚ್ಚಿನ ಮೇಲಿತ್ತು.