ಬಲಗಡೆಯ ಪರದೆ

ನಮ್ಮ ಭಾವನಿಗೆ ಯಾವ ಯಂತ್ರದ ಮೇಲೂ ನಂಬಿಕೆಯಿಲ್ಲ. ಮಿಕ್ಸಿಯ ಸದ್ದು ಸ್ವಲ್ಪ ಬದಲಾದರೆ ಬಿಚ್ಚುತ್ತಾರೆ, ಗೋಡೆ ಗಡಿಯಾರ ನಿಧಾನವಾದರೆ ಬಿಚ್ಚುತ್ತಾರೆ, ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನೂ ಇವತ್ತಲ್ಲ ನಾಳೆ ಕೈಕೊಡುತ್ತದೆ ಎಂದು ಕೆಳಗಿಳಿಸುತ್ತಾರೆ. ಅವರು ದುಡಿಯುವ ನೀರು ಸರಬರಾಜು ಕೇಂದ್ರದಲ್ಲಿ ಅವರಿಗೆ ಬಿಚ್ಚಣ್ಣ ಎಂದೇ ಹೆಸರು. ಈ ಹೆಸರು ಕಿವಿಗೆ ಬಿದ್ದಾಗ ನಮ್ಮಕ್ಕ ಬೇಜಾರು ಮಾಡಿಕೊಳ್ಳಲಿಲ್ಲ, ಇಟ್ಟವರು ಬುದ್ಧಿವಂತರು ಎಂದಳು.

ಅರ್ಧ ಆಯುಸ್ಸು ಪಂಪ್ ಫಿಟ್ಟರ್ ಆಗಿ ಗ್ರೀಸಿನಲ್ಲಿ ಕೈಯಾಡಿಸಿದ ಮೇಲೆ ಅವರಿಗೆ ಮಹಡಿಯ ಕಂಟ್ರೋಲ್ ರೂಮಿನ ಕುರ್ಚಿ ಸಿಕ್ಕಿತ್ತು. ಅಲ್ಲಿ ಒಂದೇ ಕಂಪ್ಯೂಟರ್, ಮೇಜಿನ ಮೇಲೆ ಈ ಕೊನೆಯಿಂದ ಆ ಕೊನೆಯವರೆಗೆ ನಾಲ್ಕು ದೊಡ್ಡ ಪರದೆ. ಅಷ್ಟೂ ಪರದೆಗೆ ಚಿತ್ರ ಕೊಡಲು ಒಂದು ಗ್ರಾಫಿಕ್ಸ್ ಕಾರ್ಡ್ ಸಾಲದೆಂದು ಒಳಗೆ ಎರಡು ಹಾಕಿದ್ದೆವು. ಎಡಗಡೆಯ ಜೋಡಿಗೆ ಒಂದು, ಬಲಗಡೆಯ ಜೋಡಿಗೆ ಇನ್ನೊಂದು. ಹಾಕಿದವನು ನಾನೇ. ಕಂಪ್ಯೂಟರ್ ರಿಪೇರಿ ನನ್ನ ಕಸುಬು, ಕೇಂದ್ರದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆಯೂ ನನ್ನದು. ಅಂದರೆ ಭಾವನ ಕೈಲಿ ಬೈಸಿಕೊಳ್ಳುವ ಹೊಣೆಯೂ ನನ್ನದೇ.

ಊರಿನ ಯಾವುದಾದರೂ ಟ್ಯಾಂಕ್ ತುಂಬುತ್ತ ಬಂದರೆ ಬಲಗಡೆಯ ಕೊನೆಯ ಪರದೆಯಲ್ಲಿ ಹಳದಿ ಚೌಕವೊಂದು ಮಿನುಗುತ್ತದೆ. ಅದನ್ನು ನೋಡಿದ ಕೂಡಲೇ ಪಂಪ್ ನಿಲ್ಲಿಸಬೇಕು. ಜೊತೆಗೆ ಗಂಟೆಯ ಸದ್ದೂ ಬರುತ್ತದೆ, ಆದರೆ ಕೆಳಗಿನ ಪಂಪುಗಳ ಗದ್ದಲದಲ್ಲಿ ಅದನ್ನು ಕೇಳುವವರು ಯಾರು? ಒಂದು ದಿನ ಟ್ಯಾಂಕ್ ಉಕ್ಕಿ ಒಂದು ಬೀದಿಯ ಅಂಗಡಿಗಳಿಗೆಲ್ಲ ನೀರು ನುಗ್ಗಿತು. ಸ್ವಲ್ಪ ದಿನಕ್ಕೆ ಇನ್ನೊಂದು ಟ್ಯಾಂಕ್ ಉಕ್ಕಿತು. ಮತ್ತೆ ಹೀಗಾದರೆ ಕುರ್ಚಿಗೆ ಬೇರೆಯವರನ್ನು ತರುವುದಾಗಿ ಕೇಂದ್ರದ ಸಾಹೇಬರು ಭಾವನಿಗೆ ಎಲ್ಲರೆದುರೇ ಹೇಳಿದರು. ಭಾವ ತಪ್ಪು ಒಪ್ಪಿಕೊಳ್ಳುವವರಲ್ಲ. ಚೌಕವೇ ತಡವಾಗಿ ಬರುತ್ತಿದೆ, ಎರಡನೇ ಕಾರ್ಡು ಕೆಟ್ಟಿದೆ ಎಂದು ಪಟ್ಟು ಹಿಡಿದರು.

ಮೊದಲ ಸಲ ಹೋದಾಗ ತಪ್ಪು ನಿಜವಾಗಿಯೂ ಇತ್ತು. ಎರಡು ಕಾರ್ಡುಗಳು ಬೇರೆ ಬೇರೆ ಕಂಪನಿಯವು. ಅವನ್ನು ನಡೆಸುವ ಡ್ರೈವರ್ ತಂತ್ರಾಂಶಗಳು ಒಂದಕ್ಕೊಂದು ಹೊಂದದೆ ಆಗಾಗ ಬಲಗಡೆಯ ಪರದೆಗಳು ಕಪ್ಪಾಗುತ್ತಿದ್ದವು. ಒಂದೇ ಬಗೆಯ ಎರಡು ಕಾರ್ಡು ತಂದು ಹಾಕಿ, ಹಳೆಯ ಡ್ರೈವರ್‌ಗಳನ್ನು ಪೂರ್ತಿ ಅಳಿಸಿ, ಹೊಸದಾಗಿ ಎಲ್ಲವನ್ನೂ ಜೋಡಿಸಿದೆ. ಸದ್ಯ, ಪೀಡೆ ತೊಲಗಿತು ಎಂದುಕೊಂಡು ಮನೆಗೆ ಬಂದೆ.

ತೊಲಗಲಿಲ್ಲ. ಮಾರನೆಯ ವಾರ ಮತ್ತೆ ಫೋನು. ಹೋದೆ, ಎಲ್ಲ ಸರಿಯಾಗಿತ್ತು. ಮತ್ತೆ ಫೋನು. ಕಾರ್ಡುಗಳ ಧೂಳು ಒರೆಸಿದೆ, ಕೇಬಲ್ ಬದಲಾಯಿಸಿದೆ, ಕರೆಂಟು ಸಾಲುತ್ತಿಲ್ಲವೇನೋ ಎಂದು ಪವರ್ ಸಪ್ಲೈಯನ್ನೇ ಬದಲಾಯಿಸಿದೆ. ನಾನು ಎದುರಿಗಿದ್ದರೆ ಚೌಕ ಠಕ್ಕಂತ ಬರುತ್ತದೆ, ನಾನು ಬೆನ್ನು ಹಾಕಿದರೆ ತಡವಾಗುತ್ತದೆ. ನನ್ನ ಮುಖ ಕಂಡರೆ ಅದಕ್ಕೆ ಹೆದರಿಕೆ ಎಂದು ಭಾವ ಮೂದಲಿಸಿದರು. ಬರಬರುತ್ತ ನನಗೆ ತಲೆ ಚಿಟ್ಟು ಹಿಡಿಯಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳ ಕೆಲಸ ಹಾಗೇ ಬಿದ್ದಿತ್ತು. ಅಕ್ಕ ಫೋನು ಮಾಡಿ, ಅವರು ಊಟ ಸರಿಯಾಗಿ ಮಾಡುತ್ತಿಲ್ಲ, ಏನಾದರೂ ಮಾಡೋ ಎಂದಾಗ ತಡೆಯಲಾಗದೆ, ಕೆಟ್ಟಿರುವುದು ಕಂಪ್ಯೂಟರಲ್ಲ, ನಿನ್ನ ಗಂಡನ ತಲೆ ಎಂದು ಕೂಗಾಡಿದೆ. ಅವಳು ಫೋನಿಟ್ಟಳು.

ಮೂರನೇ ಟ್ಯಾಂಕೂ ಉಕ್ಕಿತು. ಅಂದು ಸಂಜೆ ಸಾಹೇಬರು ತೀರ್ಮಾನ ಹೇಳಲು ಬರುವವರಿದ್ದರು. ಮಧ್ಯಾಹ್ನವೇ ಭಾವ ನನ್ನನ್ನು ಎಳೆದುಕೊಂಡು ಹೋದರು. ಪಂಪುಗಳನ್ನು ಕೆಳಗಿನವರು ಕೈಯಿಂದಲೇ ನೋಡಿಕೊಳ್ಳುವಂತೆ ಏರ್ಪಾಡು ಮಾಡಿ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು. ಫಿಟ್ಟರ್‌ಗಳ ಪದ್ಧತಿಯಲ್ಲೇ ಹೋಗಬೇಕಂತೆ. ಅನುಮಾನದ ಭಾಗವನ್ನು ಒಳ್ಳೆಯದರ ಜಾಗಕ್ಕೆ ಹಾಕಿದಾಗ ಕಾಯಿಲೆ ಜೊತೆಗೇ ಹೋದರೆ ಕಳ್ಳ ಸಿಕ್ಕಂತೆ. ಸರಿ, ಕಾರ್ಡುಗಳನ್ನು ಅದಲು ಬದಲು ಮಾಡಿದೆವು. ನಾನು ಮೇಜಿನ ಹಿಂದೆ ಬಗ್ಗಿದ್ದಾಗ, ಟ್ಯಾಂಕ್ ತುಂಬಿತೆಂದು ಕೆಳಗಿನವರು ಫೋನು ಮಾಡಿದ ಮೇಲೆ ಅವರಿಗೆ ಚೌಕ ಕಂಡಿತಂತೆ; ಬಲಗಡೆಯದೇ ತಡ ಎಂದರು. ಕೇಬಲ್‌ಗಳನ್ನು ಅದಲು ಬದಲು ಮಾಡಿದೆವು. ಬಲಗಡೆಯದೇ. ಕೊನೆಗೆ ಆ ಭಾರದ ಪರದೆಗಳನ್ನೇ ಎತ್ತಿ ಎಡಗಡೆಯವನ್ನು ಬಲಕ್ಕೆ, ಬಲಗಡೆಯವನ್ನು ಎಡಕ್ಕೆ ಇಟ್ಟೆವು. ಆಗಲೂ ಬಲಗಡೆಯದೇ ತಡ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಇವರ ಹಟ ಇಳಿಸಿಯೇ ಬಿಡೋಣ ಎಂದು ನನ್ನ ಲ್ಯಾಪ್‌ಟಾಪಿನಿಂದ ಗಂಟೆಯಿಲ್ಲದ ಸುಳ್ಳು ಚೌಕ ಕಳಿಸುವ ಹಾಗೆ ಮಾಡಿಕೊಂಡು ಅವರ ಹಿಂದೆ ಕುಳಿತೆ. ಭಾವ ಎಂದಿನಂತೆ ಎಡ ತುದಿಯ ಪರದೆಯಲ್ಲಿ ನೀರಿನ ಒತ್ತಡದ ಅಂಕಿಗಳನ್ನು ನೋಡುತ್ತಿದ್ದರು. ಕಳಿಸಿದೆ. ಬಲ ತುದಿಯಲ್ಲಿ ಹಳದಿ ಚೌಕ ಮಿನುಗತೊಡಗಿತು.

"ಕಳಿಸಿದ್ಯಾ?" ಎಂದರು, ತಲೆ ತಿರುಗಿಸದೆ.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಚೌಕ ಮಿನುಗುತ್ತಲೇ ಇತ್ತು. ಇನ್ನೂ ಎಷ್ಟು ಹೊತ್ತೋ ಎಂದು ಅವರು ಗೊಣಗಿದರು. ಬಗ್ಗಿ ಅವರ ಮುಖ ನೋಡಿದೆ, ತಮಾಷೆಯಾಗಿರಲಿಲ್ಲ. ಬಲಗಡೆ ತಿರುಗಿ ನೋಡಿ ಭಾವ, ಎಂದೆ.

ತಿರುಗಿದರು. "ನೋಡು, ಈಗ ಬಂತು. ತಡ ಅಂತ ನಾನು ಹೇಳ್ಲಿಲ್ವಾ?"

ಗೆದ್ದವರ ಹಾಗೆ ನಗುತ್ತಿದ್ದರು. ನಾನು ಎದ್ದು ಹೋಗಿ, ನೇರ ಮುಂದೆ ನೋಡುತ್ತಿರಿ ಎಂದು ಹೇಳಿ, ಅವರ ಕಿವಿಯ ಪಕ್ಕದಲ್ಲಿ ಬೆರಳಾಡಿಸುತ್ತ ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದೆ. ಕೈ ಬಹಳ ಮುಂದೆ ಬರುವವರೆಗೂ ಅವರಿಗೆ ಕಾಣಲಿಲ್ಲ. ಎಡಗಡೆಯೂ ಅಷ್ಟೇ. ಭಾವ ನನ್ನ ಕೈ ಸರಿಸಿ, ತಮ್ಮ ಬೆರಳುಗಳನ್ನೇ ಎರಡೂ ಪಕ್ಕದಲ್ಲಿ ಆಡಿಸಿ ನೋಡಿಕೊಂಡರು. ಮತ್ತೊಮ್ಮೆ ನೋಡಿಕೊಂಡರು. ಮುಖದ ನಗು ಇಳಿಯಿತು.

"ಎಲ್ಲಾ ಬದಲಾಯಿಸಿದ್ವಿ ಕಣೋ," ಎಂದರು. "ನನ್ನೊಬ್ಬನ್ನ ಬಿಟ್ಟು."

ಅಷ್ಟು ದಿನ ಅವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ಏನೂ ಆಗುವುದಿಲ್ಲ ಎಂದೆಲ್ಲ ಬಡಬಡಿಸಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಾರ್ಡು ಸುಟ್ಟುಹೋಗಿದೆ ಎಂದು ಸಾಹೇಬರಿಗೆ ಹೇಳುತ್ತೀಯಾ ಎಂದು ಕೇಳಿದರು. ಹೊಸದು ಬರುವವರೆಗೆ ಸ್ವಲ್ಪ ದಿನವಾದರೂ ಸಿಗುತ್ತದೆ, ಅಷ್ಟರಲ್ಲಿ ಕತ್ತು ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳುತ್ತೇನೆ ಎಂದರು. ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಆಗಲಿ ಎಂದೆ. ಕಂಪ್ಯೂಟರ್ ಆರಿಸಿ ಎರಡನೇ ಕಾರ್ಡನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡೆ.

ಸಾಹೇಬರು ಬಂದರು. ಕಪ್ಪಾದ ಪರದೆಗಳನ್ನು ನೋಡಿದರು, ನನ್ನ ಕೈ ನೋಡಿದರು, ಅಂತೂ ತಪ್ಪು ಸಿಕ್ಕಿತಾ ಎಂದು ಕೇಳಿದರು. ಅವರ ದನಿಯಲ್ಲಿ ಭಾವನನ್ನು ಉಳಿಸಿಕೊಳ್ಳುವ ಆಸೆಯೇ ಇತ್ತು. ಒಂದೇ ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಹೇಳಲು ನಾನು ಬಾಯಿ ತೆರೆದೆ.

"ಅವನನ್ನ ಕೇಳ್ಬೇಡಿ ಸಾರ್," ಎಂದರು ಭಾವ. "ಕಾರ್ಡ್ ಸರಿಯಾಗೇ ಇದೆ. ಪಕ್ಕದ್ದು ನನಗೇ ಕಾಣಿಸ್ತಿಲ್ಲ."

ಎಂದವರೇ ಕುರ್ಚಿಯಿಂದ ಎದ್ದು ನಿಂತರು.